ಸೋತವರಿಗೆ ಸಿಗುವ ಮಂಚ

ನವೆಂಬರ್ ತಿಂಗಳ ಒಂದು ಸಂಜೆ, ಬಡಗಣ ಗಾಳಿ ವೆರಾಕ್ರೂಸ್ ಬಂದರಿನ ಮೇಲೆ ಮರಳು ಎರಚುತ್ತಿದ್ದ ಹೊತ್ತಿನಲ್ಲಿ, ವುಲ್ಫ್ರಾನೊ ಉಸ್ಕಾಂಗ ಕುಣಿತದ ನಡುವೆಯೇ ಕಲ್ಲುಬೆಂಚಿನ ಮೇಲೆ ಕುಸಿದು ಕುಳಿತ. ಬೂಟು ಕಚ್ಚುತ್ತಿದೆ ಎಂದ. ಚೌಕದಲ್ಲಿ ಯಾರೂ ನಂಬಲಿಲ್ಲ. ಹಿಂದಿನ ವಾರ ಬೇರೆ ಜೊತೆ ಬೂಟೂ ಹೀಗೇ ಕಚ್ಚಿತ್ತು.

ದಾನ್ಸೋನ್ ಎಂಬ ಈ ಜೋಡಿಕುಣಿತ ಅವಸರದ್ದಲ್ಲ, ಆದರೆ ಬೆನ್ನು ಬಾಗಕೂಡದು. ನಡುವೆ ಬರುವ ವಿರಾಮದಲ್ಲೂ ಜೋಡಿಗಳು ನೆಟ್ಟಗೇ ನಿಂತಿರಬೇಕು. ವುಲ್ಫ್ರಾನೊನಿಗೆ ನೆಟ್ಟಗೆ ನಿಂತರೆ ಸೊಂಟದಿಂದ ಪಾದದವರೆಗೆ ಜೋಮು. ಮುಂದಕ್ಕೆ ಬಾಗಿ ಕುಳಿತರೆ ಎಲ್ಲ ಮಾಯ. ಬಾಗಿ ಕುಣಿಯುವ ದಾನ್ಸೋನನ್ನು ಇನ್ನೂ ಯಾರೂ ಕಟ್ಟಿರಲಿಲ್ಲ.

ಅವನ ಜೊತೆಗಾತಿ ಜೆನೈದಾ ಮಾಲ್ಪಿಕ, ಗಂಡನಿಲ್ಲದ ಹೆಂಗಸು, ಮುಲಾಜಿಲ್ಲದ ಬಾಯಿ. "ಕಾರ್ನಿವಲ್ ಹಬ್ಬದ ಕುಣಿತದ ಪಂದ್ಯದಲ್ಲೂ ಹೀಗೆ ಕೂತ್ರೆ ನಾನು ಕ್ರಿಸೋಫೊರೊ ಜೊತೆ ಕುಣೀತೀನಿ, ನೋಡ್ಕೊ," ಎಂದಳು. ಕ್ರಿಸೋಫೊರೊ ಲಾಗುನೆಸ್ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದವನು, ಕೆಳಗೆ ಮೂಟೆ ಹೊರುತ್ತಿದ್ದ ವುಲ್ಫ್ರಾನೊನನ್ನು ಅಂದಿನಿಂದಲೂ ಮೇಲಿನಿಂದಲೇ ನೋಡಿದವನು. ಜೆನೈದಾಳನ್ನು ಅವನಿಗೆ ಬಿಟ್ಟುಕೊಡುವುದಕ್ಕಿಂತ ವುಲ್ಫ್ರಾನೊ ಸಮುದ್ರಕ್ಕೆ ಹಾರಿಯಾನು.

ಅದಕ್ಕೇ ಅವನು ಆಸ್ಪತ್ರೆಗೆ ಹೋದ. ಅಲ್ಲಿ ಡಾಕ್ಟರ್ ಚಿಯುಂತಿ ಎಂಬ ಹೆಣ್ಣುಮಗಳು ಇದೇ ಕಾಯಿಲೆಯ ಸಂಶೋಧನೆಗೆ ಕುಳಿತಿದ್ದಳು. ಬೆನ್ನುಹುರಿಯ ಕಾಲುವೆಯ ಹಿಂಗೋಡೆಗೆ ಹಳದಿ ರಜ್ಜು ಎಂಬ ಪಟ್ಟಿ ಇದೆಯಂತೆ. ಎಳೆಯ ವಯಸ್ಸಿನಲ್ಲಿ ಅದು ತೆಳ್ಳಗಿದ್ದು, ರಬ್ಬರಿನ ಹಾಗೆ ಎಳೆದರೆ ಹಿಗ್ಗುತ್ತದೆ. ಮುಪ್ಪಿನಲ್ಲಿ ಕೆಲವರಿಗೆ ಅದರ ಎಳೆಗಳು ಹರಿದು, ಪಟ್ಟಿಯೇ ಹಳೆಯ ಗಾಯದ ಕಲೆಯಂತೆ ದಪ್ಪವಾಗಿ, ಒಳಗೆ ನರಗಳನ್ನು ಹಿಸುಕುತ್ತದೆ. ಯಾಕೆ ದಪ್ಪವಾಗುತ್ತದೆ ಎಂದು ತಿಳಿಯಲು, ಕತ್ತರಿಸಿ ತೆಗೆದ ತುಣುಕುಗಳನ್ನು ಅವಳು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾಳೆ. ಅವಳ ಸಂಶೋಧನೆಗೆ ಸೇರಿದವರಿಗೆ ಶಸ್ತ್ರಚಿಕಿತ್ಸೆ ಬೇಗ. ಉಳಿದವರು ವರ್ಷಗಟ್ಟಲೆ ಕಾಯಬೇಕು. ಆ ಸಲ ಉಳಿದಿದ್ದದ್ದು ಒಂದೇ ಮಂಚ.

ಸೇರಲು ಪರೀಕ್ಷೆ ಸುಲಭ. ಉದ್ದನೆಯ ಓಣಿಯಲ್ಲಿ ನೆಟ್ಟಗೆ ನಡೆಯಬೇಕು, ಕಾಲು ಸೋತ ಕೂಡಲೇ ನಿಲ್ಲಬೇಕು. ಬೇಗ ನಿಂತವನು ಒಳಗೆ, ಗಂಟೆ ಹೊಡೆಯುವವರೆಗೂ ನಡೆದವನು ಹೊರಗೆ. ಇದು ಸೋತವರು ಗೆಲ್ಲುವ ಪಂದ್ಯ ಎಂದು ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದಳು. ವುಲ್ಫ್ರಾನೊ ತಲೆಯಾಡಿಸಿದ.

ಆದರೆ ಓಣಿಗೆ ಕಾಲಿಟ್ಟರೆ ಪಕ್ಕದಲ್ಲೇ ಕ್ರಿಸೋಫೊರೊ! ಇವನಿಗೇನು ರೋಗ? ಸುಮ್ಮನೆ ತಪಾಸಣೆಗೆ ಬಂದೆ ಎಂದ ಅವನು. ವುಲ್ಫ್ರಾನೊನ ಜೊತೆ ಬಂದಿದ್ದ ಜೆನೈದಾ ಇಬ್ಬರೂ ಕಳಚಿಕೊಟ್ಟ ಅಂಗಿಗಳನ್ನು ಹಿಡಿದು ಹಿಂದೆ ನಿಂತಿದ್ದಳು.

ಮೊದಲ ಸುತ್ತಿನಲ್ಲೇ ವುಲ್ಫ್ರಾನೊನ ತೊಡೆ ಮರಗಟ್ಟಿತು. ನಿಲ್ಲಬೇಕೆಂದುಕೊಳ್ಳುವಷ್ಟರಲ್ಲಿ ಕ್ರಿಸೋಫೊರೊ ಮೆಲ್ಲಗೆ ಕೇಳಿದ:

"ಏನ್ ಮಾರಾಯಾ, ದಣಿವಾಯ್ತಾ?"

"ನಂಗಾ? ನಿಂಗೋಸ್ಕರ ನಿಧಾನ ಹೋಗ್ತಿದೀನಿ."

ಆಮೇಲೆ ಇಬ್ಬರೂ ನಿಲ್ಲಲಿಲ್ಲ. ಎರಡು ಮರದ ಗೊಂಬೆಗಳಂತೆ, ಹಲ್ಲು ಕಚ್ಚಿ, ಬೆವರು ಸುರಿಸುತ್ತ, ಕಾರ್ನಿವಲ್ ನಗೆ ನಗುತ್ತ ಗಂಟೆ ಹೊಡೆಯುವವರೆಗೂ ನಡೆದರು. ಡಾಕ್ಟರು ಕೈಯಲ್ಲಿದ್ದ ಅವರ ಬೆನ್ನಿನ ಚಿತ್ರಗಳನ್ನು ನೋಡಿದಳು, ಅವರನ್ನು ನೋಡಿದಳು. ಇಬ್ಬರ ಕಾಲುವೆಯೂ ಹುಲ್ಲುಕಡ್ಡಿಯಷ್ಟು ಸಣ್ಣ; ಆದರೂ ಓಣಿಯಲ್ಲಿ ಕಣ್ಣಾರೆ ಕಂಡದ್ದನ್ನು ಬರೆಯದೆ ಬೇರೆ ದಾರಿಯಿಲ್ಲ, ಇಬ್ಬರೂ ಹೊರಗೆ ಎಂದಳು.

ಆಗ ಅವಳ ಕಣ್ಣು ಓಣಿಯ ನಡುವಿಗೆ ಹೋಯಿತು. ಅಂಗಿ ಕೊಡಲು ಬರುತ್ತಿದ್ದ ಜೆನೈದಾ ಅರ್ಧ ದಾರಿಯಲ್ಲೇ ಕುರ್ಚಿ ಹಿಡಿದು, ಮುಂದಕ್ಕೆ ಬಾಗಿ ಕುಳಿತಿದ್ದಳು. ಎಷ್ಟು ದಿನದಿಂದ ಹೀಗೆ ಎಂದು ಡಾಕ್ಟರು ಕೇಳಿದಳು.

"ಎರಡು ವರ್ಷ ಆಯ್ತು ತಾಯೀ. ಈ ವುಲ್ಫ್ರಾನೊನ್ನ ಬಿಗಿಯಾಗಿ ಹಿಡ್ಕೊಂಡು ಕುಣಿಯೋದು ಪ್ರೀತಿಗಲ್ಲ. ಒರಗೋಕೆ ಒಂದು ಕಂಬ ಬೇಕಿತ್ತು. ಈಗ ಕಂಬಾನೇ ಕೂರೋಕೆ ಶುರು ಮಾಡ್ತು."

ಅವಳನ್ನೂ ನಡೆಸಿದರು. ಕಾಲು ಸೋತ ಕೂಡಲೇ "ಸಾಕು" ಎಂದು ನಿಂತಳು, ನಾಚಿಕೆಯಿಲ್ಲದೆ. ಚಿತ್ರ ತೆಗೆದರೆ ಅವಳ ರಜ್ಜೂ ದಪ್ಪ. ಮಂಚ ಅವಳದಾಯಿತು.

ಶಸ್ತ್ರಚಿಕಿತ್ಸೆಯ ದಿನ ಇಬ್ಬರೂ ಹೂವು ಹಿಡಿದು ಬಂದರು. ಜೆನೈದಾ ಹೂವು ಮುಟ್ಟಲಿಲ್ಲ. ವುಲ್ಫ್ರಾನೊನನ್ನು ನೋಡಿ, ಈ ಕ್ರಿಸೋಫೊರೊ ಎದುರಿಗೆ ನಿಜ ಹೇಳು, ಆಮೇಲೆ ಯಾರ ಜೊತೆ ಕುಣೀತೀನಿ ಅಂತ ಹೇಳ್ತೀನಿ, ಎಂದಳು.

ಮೂಟೆ ಹೊತ್ತಿದ್ದಾಗಲೂ ವುಲ್ಫ್ರಾನೊನಿಗೆ ಇಷ್ಟು ಭಾರವಾಗಿರಲಿಲ್ಲ.

"ಮೊದಲ್ನೇ ಸುತ್ತಲ್ಲೇ ನನ್ ಕಾಲು ಸತ್ತೋಗಿತ್ತು," ಎಂದ.

"ನಂದು ಓಣಿಗೆ ಬರೋಕ್ ಮುಂಚೇನೇ ಸತ್ತಿತ್ತು," ಎಂದ ಕ್ರಿಸೋಫೊರೊ, ಅದರಲ್ಲೂ ಹಿಂದೆ ಬೀಳದೆ.

ಜೆನೈದಾ ನಕ್ಕಳು. "ಮುಂದಿನ ಸರದೀಲಿ ಒಬ್ಬೊಬ್ರೇ ನಡೀರಿ. ವುಲ್ಫ್ರಾನೊ, ನಿನ್ ಬೆನ್ನು ನೆಟ್ಟಗಾಗೋವರೆಗೂ ನಾನ್ ಯಾರ ಜೊತೇನೂ ಕುಣಿಯಲ್ಲ. ಕಾರ್ನಿವಲ್ ಮುಂದಿನ ವರ್ಷಾನೂ ಬರತ್ತೆ."

ಅವರಿಬ್ಬರಲ್ಲಿ ಯಾರ ರಜ್ಜು ಹೆಚ್ಚು ದಪ್ಪ ಎಂಬ ಜಗಳ ಅಲ್ಲೇ ಹತ್ತಿಕೊಂಡಿತು. ಅಳೆದು ಹೇಳಿ ಎಂದು ಡಾಕ್ಟರನ್ನು ಕರೆಯುತ್ತಿರುವಾಗಲೇ ಗಾಲಿಮಂಚ ಉರುಳಿತು. ಜೆನೈದಾ ಒಳಗೆ ಹೋದದ್ದು ಅವರಿಗೆ ಗೊತ್ತಾಗಲೇ ಇಲ್ಲ.