ಮತ್ತು ಶಶಿಪ್ರಭಾ

ಹಂಪನಕಟ್ಟೆಯ ಹೋಟೆಲಿನ ಯಜಮಾನ ಶೀನಪ್ಪನವರು ತಮ್ಮ ಅಕ್ಕನ ಮಗ ತಾರಾನಾಥನಿಗೆ ಇಂಗ್ಲಿಷ್ ಕಲಿಸಲು ನನ್ನನ್ನು ಗೊತ್ತುಮಾಡಿದ್ದು 1957ರಲ್ಲಿ. ಹುಡುಗ ಎಸ್ಸೆಸ್ಸೆಲ್ಸಿಯನ್ನು ಮೂರನೆಯ ಸಲಕ್ಕೆ ದಾಟಿದ್ದ. ಇನ್ನು ಕಾಲೇಜು ಸೇರಬೇಕಿತ್ತು. ಮೊದಲ ಸಲಕ್ಕೇ, ಒಳ್ಳೆಯ ಅಂಕಗಳಲ್ಲಿ ಪಾಸಾಗಿದ್ದ ಶೀನಪ್ಪನವರ ಮಗಳು ಶಶಿಪ್ರಭಾ ನಮಗೆ ಚಹಾ ತಂದಿಡುತ್ತಿದ್ದಳು.

ನಾನು ಮೊದಲೇ ಸಿಡುಕ. ಒಂದು ಕಾಮಾ ತಪ್ಪಿದರೂ ಕೆಂಪು ಶಾಯಿ ಸುರಿಯುವವನು.

ಆ ದಿನದ ಪಾಠ ಕಂಪೌಂಡ್ ಆಬ್ಜೆಕ್ಟ್. ಕ್ರಿಯಾಪದ ಒಂದೇ, ಅದರ ಫಲ ಇಬ್ಬರಿಗೆ, ನಡುವೆ ಒಂದು ‘ಆ್ಯಂಡ್’. ತಾರಾನಾಥ ‘ಅಂಕಲ್ ಲವ್ಸ್ ಮಿ’ ಎಂದು ಬರೆದು ಪೆನ್ನು ಕೆಳಗಿಟ್ಟ.

“ಇನ್ನೊಬ್ಬರನ್ನು ಸೇರಿಸು,” ಎಂದೆ.

ಅವನು ಸೂರು ನೋಡಿದ. “ಇನ್ನು ಯಾರುಂಟು ಸಾರ್?”

ಕಪಟವಿಲ್ಲದ ಪ್ರಶ್ನೆ. ಲೋಟ ತೆಗೆಯಲು ಬಂದ ಶಶಿಪ್ರಭಾ ನಿಂತಲ್ಲೇ ನಿಂತಳು. ಸಂಜೆ ಶೀನಪ್ಪನವರನ್ನು ಕೇಳಿಯೇಬಿಟ್ಟೆ, ಕಾಲೇಜಿನ ಅರ್ಜಿ ಎರಡು ತರಲೇ ಎಂದು.

“ಎರಡು ಎಂತಕ್ಕೆ ಮಾರಾಯ್ರೆ? ನಮ್ಮದು ಅಳಿಯಸಂತಾನ. ನಾಲ್ಕನೇ ಕ್ಲಾಸಿನವರೆಗೆ ನನ್ನನ್ನು ಓದಿಸಿದ್ದು ನನ್ನ ಮಾವ. ನಾನು ನನ್ನ ಅಳಿಯನನ್ನು ಓದಿಸ್ತೇನೆ. ಇವಳನ್ನು ಇವಳ ಮಾವ ನೋಡಿಕೊಳ್ಳಬೇಕು. ಬೊಂಬಾಯಿಗೆ ಕಾಗದ ಹಾಕಿದ್ದೇನೆ.”

ಮನುಷ್ಯ ಕೆಟ್ಟವರಲ್ಲ. ಮಗಳಿಗೆ ಜ್ವರ ಬಂದರೆ ಹೋಟೆಲು ಬಿಟ್ಟು ಓಡಿ ಬರುವವರು. ಆದರೆ ಅವಳನ್ನು ಓದಿಸುವುದು ಹೆಂಡತಿಯ ಅಣ್ಣನ ಹಕ್ಕು. ಇನ್ನೊಬ್ಬರ ಹಕ್ಕಿಗೆ ಕೈ ಹಾಕುವಷ್ಟು ಮರ್ಯಾದೆಗೆಟ್ಟವರಲ್ಲ.

ಅರ್ಜಿ ಕೊಡುವ ಕೊನೆಯ ದಿನ ಬೆಳಿಗ್ಗೆ ಉತ್ತರ ಬಂತು. ಬೊಂಬಾಯಿಯ ಭಾವ ಹೆಡ್‌ಕ್ಲಾರ್ಕ್ ಆದಂದಿನಿಂದ ಮನೆಯವರಿಗೂ ಇಂಗ್ಲಿಷಿನಲ್ಲೇ ಟೈಪ್ ಮಾಡುತ್ತಿದ್ದರು. ಶೀನಪ್ಪನವರು ಹೆಮ್ಮೆಯಿಂದ ಕಾಗದವನ್ನು ಅಳಿಯನಿಗೆ ಕೊಟ್ಟರು. ಅವನು ತಾರೀಕು ಓದುವಷ್ಟರಲ್ಲಿ ಬೆವೆತುಹೋದ. ಕಾಗದ ಶಶಿಪ್ರಭಾಳ ಕೈಗೆ ಬಂತು. ಪಕ್ಕದಲ್ಲಿದ್ದ ನನಗೂ ಅಕ್ಷರಗಳು ಕಾಣುತ್ತಿದ್ದವು. ‘ಇಲ್ಲಿ ಅಳಿಯಸಂತಾನ ನಡೆಯುವುದಿಲ್ಲ. ನಾನು ಓದಿಸುವುದು ನನ್ನ ಮಗನನ್ನು ಮತ್ತು ನನ್ನ ಮಗಳನ್ನು. ನಿಮ್ಮ ಮಗಳು ನನ್ನ ಹೊಣೆಯಲ್ಲ.’ ಪಾಠಪುಸ್ತಕಕ್ಕೆ ಹಾಕಬಹುದಾದಂಥ ಕಂಪೌಂಡ್ ಆಬ್ಜೆಕ್ಟ್.

ಶಶಿಪ್ರಭಾ ಕಾಗದದಿಂದ ಕಣ್ಣೆತ್ತದೆ ಕನ್ನಡದಲ್ಲಿ ಓದಿ ಹೇಳಿದಳು.

“ಮಾವ ಬರೆದಿದ್ದಾರೆ: ‘ಶಶಿಪ್ರಭಾಳನ್ನು ಓದಿಸುವ ಹಕ್ಕು ನನ್ನದೇ. ಆದರೆ ಬೊಂಬಾಯಿಯಲ್ಲಿ ಕೂತು ಅದನ್ನು ಮಾಡ್ಲಿಕ್ಕೆ ಆಗುದಿಲ್ಲ. ನನ್ನ ಬದಲಿಗೆ ಭಾವನೇ ಓದಿಸಲಿ, ಅರ್ಜಿಗೆ ಅವರೇ ಸಹಿ ಹಾಕಲಿ.’”

ಓದಿ ಮುಗಿಸಿದವಳೇ ಕಾಗದ ಮಡಚಿದಳು.

ಶೀನಪ್ಪನವರು ನನ್ನ ಕಡೆ ತಿರುಗಿದರು. “ಹಾಗೇ ಉಂಟಾ ರುಡೊಲ್ಫ್ ಮಾಷ್ಟ್ರೆ? ಓದಿದ್ದರಲ್ಲಿ ತಪ್ಪು ಎಂತದೂ ಇಲ್ಲವಾ?”

ಇಪ್ಪತ್ತು ವರ್ಷ ಯಾರ ಕಾಮಾವನ್ನೂ ಬಿಡದಿದ್ದ ನಾನು, “ಒಂದಕ್ಷರ ತಪ್ಪಿಲ್ಲ,” ಎಂದೆ. ವಾರದಿಂದ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ ಎರಡನೆಯ ಅರ್ಜಿಯನ್ನು ಮೇಜಿನ ಮೇಲಿಟ್ಟೆ.

ಅವರು ಸಹಿ ಹಾಕಿದರು. ಆಮೇಲೆ ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡರು. “ಭಾವನದ್ದು ದೊಡ್ಡ ಮನಸ್ಸು. ಇವಳು ಕಾಲೇಜಿಗೆ ಹೋಗಬೇಕೂಂತ ನನಗೆ ಎಷ್ಟು ಆಸೆ ಇತ್ತು ಗೊತ್ತುಂಟಾ ಮಾಷ್ಟ್ರೆ? ಮಗಾ, ಮಾವನಿಗೆ ಒಂದು ಥ್ಯಾಂಕ್ಸ್ ಬರೆ, ಇಂಗ್ಲಿಷಿನಲ್ಲೇ.”

ಅವಳು ಬರೆದಳು. ಕೆಂಪು ಶಾಯಿಗೆ ಕೆಲಸವೇ ಇರಲಿಲ್ಲ. ಅಂಚೆಗೆ ಹಾಕುವ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ. ಆ ಕಾಗದ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ.