ದಮ್ಮು

ಮೈಕಿನಲ್ಲಿ ಮತ್ತೆ ಮತ್ತೆ ಹೆಸರು ಕೂಗುತ್ತಿದ್ದರೂ ಪುಟ್ಟಮಾದು ಕಾರಿನಿಂದ ಇಳಿಯದೆ ತನ್ನ ಬಲಗಾಲನ್ನೇ ನೋಡುತ್ತಿದ್ದ. ಪಕ್ಕದಲ್ಲಿದ್ದ ಹೆಂಡತಿ ಭಾಗ್ಯ ಅವನ ತೋಳು ಹಿಡಿದಳು.

"ಬ್ಯಾಡ ಕಣ್ರೀ, ಮನೆಗೋಗನ."

"ಒಂದೇ ರೈಡು ಕಣಮ್ಮಿ." ಅವನ ನಾಲಿಗೆ ತೊದಲಿತು.

ದೇಶದ ಪರ ಕಬಡ್ಡಿ ಆಡಿ ಹೆಸರು ಮಾಡಿದವನು. ಗುಂಡ್ಲುಪೇಟೆಯಲ್ಲಿ ಪಂದ್ಯಾವಳಿ ಅಂದರೆ ಉದ್ಘಾಟನೆಗೆ ಅವನೇ ಬೇಕು. ಟೇಪು ಕತ್ತರಿಸಿದರೆ ಸಾಲದು, ಒಂದು ರೈಡು ಹೋಗಿ ಹುಡುಗರನ್ನು ಮುಟ್ಟಿ ಬರಬೇಕು. ಆದರೆ ಮೈಸೂರಿನ ಡಾಕ್ಟರು ಬೇರೆಯೇ ಹೇಳಿದ್ದರು: ನರಗಳು ಸಾಯುತ್ತಿವೆ, ಕಾಲು, ನಾಲಿಗೆ, ಕೊನೆಗೆ ಉಸಿರು, ಔಷಧಿಯಿಲ್ಲ. ಭಾಗ್ಯಳನ್ನು ಬಿಟ್ಟರೆ ಹಳೇ ಜೊತೆಯಾಟಗಾರ ಸುಫಿಯಾನನಿಗೆ ಮಾತ್ರ ಇದು ಗೊತ್ತು. ಊರಿನವರು ಅವನು ಕುಡಿತ ಕಲಿತಿದ್ದಾನೆ ಎಂದುಕೊಂಡಿದ್ದರು. "ಅಂದ್ಕಳ್ಲಿ ಬುಡು. ಅಯ್ಯೋ ಪಾಪ ಅನ್ನಿಸ್ಕಳದು ಬ್ಯಾಡ" ಎಂದು ಅವನು ಭಾಗ್ಯಳಿಂದ ಆಣೆ ಮಾಡಿಸಿಕೊಂಡಿದ್ದ. ಆ ಆಣೆಗೆ ಕಟ್ಟುಬಿದ್ದು ಅವಳು ಕಾಯಿಲೆಯ ವಿಷಯ ಯಾರಿಗೂ ಬಾಯಿಬಿಟ್ಟಿರಲಿಲ್ಲ.

ಕೊನೆಗೆ ಅವನು ಕಾರಿನಿಂದಿಳಿದು ಅಂಕಣಕ್ಕೆ ಹೋಗಿ, ನಡುಗೆರೆ ಮುಟ್ಟಿ ಎದುರಾಳಿಗಳ ಕಡೆ ಕಾಲಿಟ್ಟ. "ಕಬಡ್ಡಿ, ಕಬಡ್ಡಿ, ಕಬಡಿ, ಕಅಡಿ..."

"ಮಟಮಟ ಮಧ್ಯಾನ್ವೇ ಎಣ್ಣೆ ಏರ್ಸವ್ನೆ ಕಣ್ಲಾ!" ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು.

ಎದುರಿಗೆ ಚಾಮರಾಜನಗರದ ಹುಡುಗರು, ಅಣ್ಣ ಮುಟ್ಟಲಿ ಅಂತ, ಮರ್ಯಾದೆಗೆ ಕೈಕಟ್ಟಿ ನಿಂತಿದ್ದರು. ಅವರನ್ನು ತಲುಪುವ ಮೊದಲೇ ಅವನ ದಮ್ಮು ಕಡಿಯಿತು. ದಮ್ಮು ಕಡಿದರೆ ಔಟು. ರೆಫರಿಯಾಗಿದ್ದ ಸುಫಿಯಾನ್ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಎತ್ತಲೋ ನೋಡುತ್ತಿದ್ದ.

"ಊದ್ಲಾ ಸುಫಿ," ಎಂದ ಪುಟ್ಟಮಾದು. "ಆಟ ಆಟವೇ ಕಣ್ಲಾ."

ಸುಫಿಯಾನ್ ಊದಿದ.

ಪುಟ್ಟಮಾದು ಕಾಲೆಳೆದುಕೊಂಡು ಬಂದು ಗುಂಡ್ಲುಪೇಟೆ ತಂಡದಲ್ಲಿ ಔಟಾದವರು ಕೂರುವ ಜಾಗದಲ್ಲಿ ಕೂತುಬಿಟ್ಟ. ಅತಿಥಿಗಳ ಕುರ್ಚಿಗೆ ಕರೆದರೂ ಏಳಲಿಲ್ಲ. ಏಳಲಾರ ಎಂಬುದು ಭಾಗ್ಯಳಿಗೆ ತಿಳಿಯಿತು. ಹೋಗಿ ಪಕ್ಕದಲ್ಲಿ ಕೂತಳು. ಆಟ ಶುರುವಾಯಿತು. ಗುಂಡ್ಲುಪೇಟೆಯ ಹುಡುಗನೊಬ್ಬ ಔಟಾಗಿ ಬಂದು ಅವನ ಹಿಂದೆ ಕೂತ. ಸ್ವಲ್ಪ ಹೊತ್ತಿಗೆ ಅವರ ತಂಡಕ್ಕೆ ಪಾಯಿಂಟು ಬಂತು. ಪಾಯಿಂಟು ಬಂದರೆ, ಮೊದಲು ಔಟಾದವನು ಮೊದಲು ಒಳಕ್ಕೆ. ಹುಡುಗ ಏಳಲಿಲ್ಲ.

"ಅಣ್ಣ, ನಿಮ್ದು ಮೊದ್ಲು. ಓಗಿ."

ಪುಟ್ಟಮಾದು ತಲೆ ತಗ್ಗಿಸಿದ. ಆಟ ನಿಂತಿತ್ತು, ಎಲ್ಲರೂ ಇತ್ತಲೇ ನೋಡುತ್ತಿದ್ದರು. ಭಾಗ್ಯಳಿಗೆ ಇನ್ನು ತಡೆಯಲಾಗಲಿಲ್ಲ.

"ಅವ್ರು ಕುಡ್ದಿಲ್ಲ ಕಣಪ್ಪ. ಕಾಯ್ಲೆ. ಇನ್ನ ಒಳಕ್ಕೆ ಓಗಕಾಗಕಿಲ್ಲ. ನೀನ್ ಓಗು."

ಹುಡುಗ ಎದ್ದ. ಗೆರೆಯ ತನಕ ಹೋದ. ಅಣ್ಣನ ಸರದಿ ಮೀರಿ ದಾಟಲಾರದೆ ಅಲ್ಲೇ ನಿಂತ.