ತಾರ್ಪಿ ಎತ್ತಿದ ಕಲ್ಲು

“ನಿಮ್ಮಜ್ಜ ಈ ಕಲ್ಲೆತ್ತಿದ್ದು ನಿಜ ಕಣಮ್ಮಾ ಡೀಲಿಯಾ. ಆದ್ರೆ ಕೈಲಲ್ಲ, ಬಾಯಲ್ಲಿ!” ಎಂದ ಫಿಂಟನ್ ಲೂಬಿ. ಪಕ್ಕದೂರು ದ್ರಮ್‌ಕೀಲಿನಿಂದ ಅವನ ಜೊತೆ ಬಂದವರೆಲ್ಲ ಇಗರ್ಜಿಯ ಗೋಡೆಗೆ ಒರಗಿ ನಕ್ಕರು.

ನಮ್ಮ ಕಿಲ್‌ವಾರ್ನದಲ್ಲಿ ಊರ ಸಂತನ ಹಬ್ಬದ ದಿನ ಪೂಜೆ ಮುಗಿದ ಮೇಲೆ ಯಾರೂ ನೇರ ಮನೆಗೆ ಹೋಗುವುದಿಲ್ಲ. ಗೇಟಿನ ಪಕ್ಕದ ಗುಂಡುಕಲ್ಲಿನ ಸುತ್ತ ನಿಲ್ಲುತ್ತೇವೆ. ಎತ್ತುವವರು ಅದನ್ನು ಹೆಗಲಿಗೇರಿಸಬೇಕಿಲ್ಲ, ಅಡಿಯಲ್ಲಿ ಗಾಳಿ ಹಾಯ್ದರೆ ಸಾಕು. ಹಾಯಿತೋ ಇಲ್ಲವೋ ಎಂದು ತಿಳಿಯಲು ಎದುರಾಳಿ ತನ್ನ ಟೋಪಿಯನ್ನು ಕಲ್ಲಿನಡಿ ತೂರಿಸಿ ಆಚೆಯಿಂದ ಎಳೆದುಕೊಳ್ಳಬೇಕು. ಕೊನೆಯದಾಗಿ ಗಾಳಿ ಹಾಯಿಸಿದ್ದು ಡೀಲಿಯಾಳ ಅಜ್ಜ ತಾರ್ಪಿ. ಅದನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವುದು ಅವಳಪ್ಪ ಮಲಕಿ ಒಬ್ಬನೇ, ಆಗ ಅವನು ಚಡ್ಡಿ ಹುಡುಗ. ಆಮೇಲೆ ಎಂಥೆಂಥ ಗಟ್ಟಿಗರು ಬಂದರೂ ಕಲ್ಲು ಜಗ್ಗಲಿಲ್ಲ. ಹಾಗಾಗಿ ನಮ್ಮ ಸೀಮೆಯಲ್ಲಿ ಯಾರಾದರೂ ಬುರುಡೆ ಬಿಟ್ಟರೆ ‘ತಾರ್ಪಿ ಎತ್ತಿದ ಕಲ್ಲು’ ಎನ್ನುವುದು ರೂಢಿಯಾಗಿಹೋಯಿತು. ಮಲಕಿ ತಾರ್ಪಿ ಜೀವಮಾನವಿಡೀ ಅದನ್ನು ಕೇಳಿಸಿಕೊಂಡ. ಈ ಸಲ ಹಬ್ಬಕ್ಕೇ ಬರಲೊಲ್ಲೆ ಎಂದಿದ್ದವನನ್ನು ಮಗಳು ತೋಳು ಹಿಡಿದು ಎಳೆತಂದಿದ್ದಳು.

ಫಿಂಟನ್ ಕೋಟು ಕಳಚಿದ. ಬಿಯರ್ ಪೀಪಾಯಿಗಳನ್ನು ಎರಡೆರಡಾಗಿ ಹೊರುವ ಆಳು. ಕಲ್ಲನ್ನು ತಬ್ಬಿದ, ಕೆಂಪಗಾದ, ಅರಚಿದ, ಕೈ ಜಾರಿ ಹುಲ್ಲಿನ ಮೇಲೆ ಕುಕ್ಕರಿಸಿದ.

“ನೋಡಿದ್ರಾ? ನನ್ನ ಕೈಲೇ ಆಗ್ಲಿಲ್ಲ. ಆ ಸಣಕಲನ ಕೈಲಿ ಆಯ್ತಂತೆ!”

ಡೀಲಿಯಾ ಅವನ ಮುಖ ನೋಡಲಿಲ್ಲ, ಅಂಗೈ ನೋಡುತ್ತಿದ್ದಳು. ಅಲ್ಲೊಂದು ಸುಣ್ಣದ ಚಕ್ಕೆ ಅಂಟಿತ್ತು. ಬಿಸ್ಕತ್ತಿನಷ್ಟು ದಪ್ಪ, ಈರುಳ್ಳಿಯಂತೆ ಪದರ ಪದರ.

“ಅಪ್ಪಾ, ಅಜ್ಜ ಎತ್ತಿದಾಗ ಇದಕ್ಕೆ ಸುಣ್ಣ ಇತ್ತಾ?”

“ಎಲ್ಲಿಯ ಸುಣ್ಣ ಮಗಳೇ? ಅದರ ಮುಂದಿನ ವರ್ಷ ಬಿಷಪ್ಪರು ಬರ್ತಾರೆ ಅಂತ ಬಳಿಯೋಕೆ ಶುರು ಮಾಡಿದ್ದು.”

ನಿಜವೇ. ಅಂದಿನಿಂದ ಪ್ರತಿ ಹಬ್ಬಕ್ಕೂ ಒಂದು ಬಳಿತ. ಭಕ್ತಿ ಹೆಚ್ಚಿದಷ್ಟೂ ಕಲ್ಲು ನುಣುಪಾಗಿತ್ತು. ನಾವೇ ಬಳಿದು ನಾವೇ ಜಾರಿದ್ದೆವು.

ಡೀಲಿಯಾ ಕುರಿಯ ಗೊರಸು ಹೆರೆಯುವ ಚಾಕುವನ್ನು ಜೇಬಿನಿಂದ ತೆಗೆದು ಮಂಡಿಯೂರಿದಳು.

“ಅಯ್ಯಯ್ಯೋ, ಹಬ್ಬದ ದಿನ ಸುಣ್ಣ ಕೆರೀತಾಳಲ್ಲ!” ಎಂದು ಚೀರಿದಳು ಅಟ್ರಾಕ್ಟಾ. ಬಳಿಯುವ ಸೇವೆ ಈಗ ಅವಳದು. “ನಿನ್ನೆ ತಾನೇ ಸೊಂಟ ಮುರ್ಕೊಂಡು ಎರಡೆರಡು ಸಲ ಬಳಿದಿದ್ದೀನಿ ಕಣೇ!”

“ಗೊತ್ತಾಗ್ತಿದೆ ಅತ್ತೆ, ಚಾಕು ಮೊಂಡಾಯ್ತು.”

ಚಕ್ಕೆಗಳು ಉದುರಿದವು. ಒರಟು ಬೂದುಕಲ್ಲು ಹೊರಬಂತು. ಬುಡದ ಎರಡೂ ಪಕ್ಕದಲ್ಲಿ ಬೆರಳು ಹಿಡಿಸುವಷ್ಟು ಒಂದೊಂದು ಗುಳಿ.

“ಅಲ್ಲೇ!” ಮಲಕಿ ಬಗ್ಗಿ ಬೆರಳು ತೋರಿಸಿದ. “ಅಲ್ಲೇ ಕೈ ಹಾಕಿದ್ದ ನಮ್ಮಪ್ಪ!”

“ಟೋಪಿ ತೆಗಿ ಫಿಂಟನ್,” ಎಂದಳು ಡೀಲಿಯಾ.

“ಬೇಜಾರು ಮಾಡ್ಕೋಬೇಡ ಕಣಮ್ಮಾ, ಇದು ಕುರಿ ಅಲ್ಲ.”

“ಕುರಿ ಒದೆಯುತ್ತೆ, ಇದು ಒದೆಯಲ್ಲ. ಟೋಪಿ ತೆಗಿ.”

ಗುಳಿಗಳಿಗೆ ಬೆರಳು ಕೊಟ್ಟು, ಎದೆಗೆ ಅವಚಿ, ಬೆನ್ನು ನೇರ ಮಾಡಿದಳು. ಕುತ್ತಿಗೆಯ ನರ ಉಬ್ಬಿತು. ಕಲ್ಲು ಅಲುಗಿತು, ಮಣ್ಣು ಬಿಟ್ಟಿತು. ಮಲಕಿ ಹಬ್ಬದ ಸೂಟಿನಲ್ಲೇ ಕೆಸರಿಗೆ ಹೊಟ್ಟೆ ಹಚ್ಚಿ ಮಲಗಿ ಇಣುಕಿದ.

“ಆಚೆಯ ಹುಲ್ಲು ಕಾಣ್ತಿದೆ! ತೂರಿಸೋ ಫಿಂಟನ್, ತೂರಿಸೋ!”

ಫಿಂಟನ್ ತೂರಿಸಿದ. ಎಳೆದುಕೊಳ್ಳುವುದನ್ನು ಮರೆತು ಬಾಯಿ ಬಿಟ್ಟುಕೊಂಡು ನಿಂತ. ಡೀಲಿಯಾ ಕಲ್ಲನ್ನು ಟೋಪಿಯ ಮೇಲೆಯೇ ಇಳಿಸಿದಳು.

ಆಗ ಎದ್ದ ಕೂಗಿಗೆ ಮರದ ಕಾಗೆಗಳೆಲ್ಲ ಹಾರಿಹೋದವು. ದ್ರಮ್‌ಕೀಲಿನವರೂ ಕೂಗಿದರು. ಪಾದ್ರಿಗಳೇ ಓಡಿಹೋಗಿ ಗಂಟೆ ಬಾರಿಸಿಬಿಟ್ಟರು.

“ಮತ್ತೆ... ನನ್ನ ಟೋಪಿ?” ಎಂದ ಫಿಂಟನ್.

ಮಲಕಿ ಎದೆಯ ಕೆಸರನ್ನು ಒರೆಸಿಕೊಳ್ಳದೆ ನೆಟ್ಟಗೆ ನಿಂತ. “ಅಲ್ಲೇ ಇದೆಯಲ್ಲ ಮಾರಾಯ, ಎತ್ತಿ ತಗೋ. ಬಾಯಲ್ಲಿ ಅಲ್ಲ, ಕೈಲಿ.”

ಮಳೆ ಹನಿಯತೊಡಗಿತು. ಅಟ್ರಾಕ್ಟಾ ಗೇಟಿನ ಹಿಂದಿಟ್ಟಿದ್ದ ಸುಣ್ಣದ ಬಕೆಟ್ಟನ್ನು ಎತ್ತಿಕೊಂಡು ಹೋಗಿ, ಉಳಿದದ್ದನ್ನೆಲ್ಲ ತುರಿಕೆಗಿಡಗಳ ಬುಡಕ್ಕೆ ಸುರಿದಳು.